ಗೌರೀಶನ ಪೆಟ್ಟಿಗಿಯ ಗೊಂಯ್ ಸಪ್ಪಳ

ಶಲವಡಿ
ಗುರುವಾರ, ೨೪ ಏಪ್ರಿಲ್ ೨೦೨೫

ಹಂದರದಾಗ ಚಾಪಿ ಹಾಸಿ ಕುಂತ ಸಮಸ್ತ ದೈವದವರೇ, ಹಿಂದ ಚಕ್ಕಡಿ ಏರಿ ನಿಂತ ತರುಣರೇ, ಕೂಸಿಗೆ ಹಾಲೂಡಿಸಕೋತ ಕುಂತ ತಾಯಂದಿರೇ, ಗದ್ದಲ ಮಾಡಬ್ಯಾಡ್ರಿ, ಕುಂತಲ್ಲೇ ಕುಂದರ್ರಿ, ಕಥಿ ಸುರು ಆಗೂ ಹೊತ್ತು ಬಂತು.

ಪ್ರೀತಿಯ ಶಿವಗಂಗಾ,

ಮ್ಯಾಲಿನ ಸಾಲು ನೋಡಿ ನಗಬ್ಯಾಡ. ಪೆನ್ನು ಹಿಡದ ಕೂಡಲೇ ಕೈ ತಾನ ಅದನ್ನ ಬರದುಬಿಟ್ಟಿತು. ಈ ಸಭಾದಾಗ ಕುಂತಾಕಿ ನೀ ಒಬ್ಬಾಕಿನ. ಉಳಿದ ಮಂದಿನ್ನ ಧೈರ್ಯಕ್ಕ ಅಂತ ಕೂಡಿಸಿಕೊಂಡೀನಿ. ನಾಟಕದಾಗ ಎರಡು ಸಾವಿರ ಜನರ ಮುಂದ ನಿಂತು ಮೈಕಿಲ್ಲದ ಗುಡುಗಿದಾಂವ, ಹೇಂತಿಗೆ ನಾಕು ಸಾಲು ಬರಿಯಾಕ ಮುಂಜಾನಿಂದ ಮೂರು ಹಾಳಿ ಹರದು ಒಗದೀನಿ. ನೀ ದುಮ್ಮವಾಡದಾಗ ಆರಾಮ ಅದಿಯೇನು? ನಿನ್ನ ಅಕ್ಕನ ಕಾಲಿನ ಪ್ಲಾಸ್ಟರ್ ಬಿಚ್ಚಿದರೇನು? ಆಕಿಗೆ ಎದ್ದು ಅಡ್ಡಾಡಾಕ ಅವಸರ ಮಾಡಬ್ಯಾಡ ಅಂತ ಹೇಳು, ಎಲುಬು ಕೂಡೂದು ಅದರ ಮನಸ್ಸಿಗೆ ಬಂದಾಗ. ನಿನ್ನ ಕಾಲು ಹೆಂಗದಾವ? ಜುಮ್ ಅನ್ನೂದು ಅಲ್ಲಿಗೆ ಹೋದಮ್ಯಾಲ ಕಡಿಮಿ ಆತೇನು, ಇಲ್ಲಾ ಹಂಗ ಐತೇನು? ಇದು ಉಪಚಾರಕ್ಕ ಕೇಳಿದ ಮಾತಲ್ಲ. ಎಷ್ಟು ದಿನಕ್ಕ ಕಡಿಮಿ ಆತು, ಯಾವ ಬೆರಳಿಂದ ಕಡಿಮಿ ಆತು ಅನ್ನೂದು ಸೈತ ಬರದು ಕಳಸು.

ಫೋನ್ ಮಾಡಬಾರದಿತ್ತೇನು ಅಂತೀ. ನೀ ಫೋನನ್ನ ಕಿವಿಗೆ ಹಿಡಿದದ್ದು ನಾ ಎಂದೂ ನೋಡಿಲ್ಲ. ಸ್ಪೀಕರ್ ಹಾಕಿ ಮುಂದ ಇಟ್ಟು, ಕಾಯಿಪಲ್ಲೆ ಸೋಸಕೋತ ಮಾತಾಡತೀ. ನಾ ಇಲ್ಲಿ ಅಂದದ್ದು ಅಲ್ಲಿ ಅಕ್ಕ, ಭಾವ, ಹಾಲಿನವಾ, ಎಲ್ಲಾರೂ ಕೇಳತಾರ. ಇದು ಹಂಗ ಕೇಳಸೂ ಸುದ್ದಿ ಅಲ್ಲ. ಮೊದಲ ಹೇಳಿಬಿಡತೀನಿ, ಮಗಾ ಗೌರೀಶ ಆರಾಮ ಅದಾನ. ನಾನೂ ಅದೀನಿ. ಆಕಳಾ, ಕರಾ ಎರಡೂ ಅದಾವ. ನಮ್ಮ ಮನಿಯೊಳಗ ಯಾರೂ ಸತ್ತಿಲ್ಲ. ಆದರ ಸಾವು ನಮ್ಮ ಹಿತ್ತಲದಾಗ ಬಂದು ಕುಂತು ಎರಡು ವರ್ಷ ಆಗಿತ್ತು ಶಿವಗಂಗಾ. ಅದಕ್ಕ ದಿನಾ ಮುಂಜಾನೆ ನೀ ಬರಿಗಾಲಿಲೆ ಹೋಗಿ ಕೊಡ ನೀರು ಹಾಕಿ ಬರತಿದ್ದಿ.

ಮೊದಲಿಂದ ಸಾಲಾಗಿ ಹೇಳತೀನಿ, ನಡುವ ಹಾಳಿ ಹಾರಿಸಿ ಓದಬ್ಯಾಡ. ನೀ ಹೋಗೂಕಿಂತ ಮೊದಲ ಗೌರೀಶ ಗಿಟಾರಿನ ದನಿ ದೊಡ್ಡದು ಮಾಡೂ ಹಳೇ ಆಂಪ್ಲಿಫಾಯರ್ ಪೆಟ್ಟಿಗಿ ಗೋವಾದಿಂದ ತಂದಿದ್ದನಲ್ಲ, ಮುಚ್ಚಿಹೋದ ಹೊಟೇಲಿನವರದು. ‘ಕ್ವಾಣದಂಥಾದ್ದನ್ನ ತಂದಿಯಲ್ಲೋ ಮಾರಾಯಾ, ಇದಕ್ಕೇನು ಗ್ವಾದ್ಲಿ ಕಟ್ಟಲ್ಯಾ’ ಅಂತ ನೀ ಬೈದಿದ್ದಿ. ನಮ್ಮ ಹಳೇ ರೇಡಿಯೋದಾಗ ಇದ್ದಂಥಾ ಗಾಜಿನ ವಾಲ್ವು ಅದರ ಹೊಟ್ಟಿಯೊಳಗ ಅದಾವ. ಸ್ವಿಚ್ ಹಾಕಿದರ ಸಾವಕಾಶ ಕೆಂಪೇರತಾವ. ಗಿಟಾರಿನ ದನಿ ಅದರೊಳಗ ಹಾದು ಹೊರಗ ಬಂದರ ಗಾಣದ ಮನಿಯೊಳಗ ಬೆಲ್ಲ ಇಳಿಸಿದಂಗ, ದಪ್ಪ, ಬೆಚ್ಚಗ. ಹುಬ್ಬಳ್ಳಿಯ ಆರ್ಕೆಸ್ಟ್ರಾದವರು ಬರೂ ರವಿವಾರ ಅಣ್ಣಿಗೇರಿಗೆ ಬಂದು ಅವನ ಕೈ ಕೇಳತೀವಿ ಅಂದಾರ. ಪಾಸಾದರ ಲಗ್ನದ ಬ್ಯಾಂಡಿನ್ಯಾಗ ಧೂಳು ಕುಡಿಯೂದು ತಪ್ಪತೈತಿ. ಆದರ ನೀ ಹೋದ ವಾರಕ್ಕ ಆ ಪೆಟ್ಟಿಗಿಯೊಳಗ ಇನ್ನೊಂದು ದನಿ ಹೊಕ್ಕಿತು. ಮೊದಲ ಸಣ್ಣಗ ಇತ್ತು. ದಿನಾ ಒಂದೀಟು ಏರಿತು. ಗೊಂಯ್ ಅಂತ, ತಳದಿಂದ, ಬಾವಿಯೊಳಗ ಯಾರೋ ಬಾಯಿ ಮುಚಗೊಂಡು ಅತ್ತಂಗ. ಗಿಟಾರ್ ನುಡಿಸದಿದ್ದರೂ ಅದು ನುಡೀತಿತ್ತು.

ಗೌರೀಶ ಒಂದೊಂದ ತಗದು ನೋಡಿದ. ವೈರ್ ಬದಲಿ ಮಾಡಿದ, ಹೋಗಲಿಲ್ಲ. ಗಿಟಾರನ್ನ ಕಿತ್ತು ಬಾಜು ಇಟ್ಟ, ಪೆಟ್ಟಿಗಿ ಒಂದ ಕುಂತು ಒದರಿತು. ಅಂದ್ರ ಗಿಟಾರಿನ ತಪ್ಪಲ್ಲ. ಪೆನ್ಸಿಲ್ ತಗೊಂಡು ಒಂದೊಂದು ವಾಲ್ವಿಗೆ ಮೆಲ್ಲಕ ಬಡದ, ಒಂದು ಮಾತ್ರ ಒಡಕ ಗಂಟಿಯಂಗ ಠಣ್ ಅಂತು. ಅದನ್ನ ಬದಲಿಸಿದಾಗ ಸುಂಯ್ ಅನ್ನೂ ಸಣ್ಣ ಸಪ್ಪಳ ಹೋತು, ಈ ಗೊಂಯ್ ಮಾತ್ರ ಜಗ್ಗಲಿಲ್ಲ. ಟ್ಯೂಬ್‌ಲೈಟ್ ಆರಿಸಿದ. ಮೊಬೈಲನ್ನ ಕಟ್ಟಿ ಮ್ಯಾಲ ಇಟ್ಟು ಬಂದ. ಫ್ರಿಜ್ ಬಂದ್ ಮಾಡಿದ, ಆಮ್ಯಾಲ ಚಾಲೂ ಮಾಡೂದ ಮರತ, ನೀ ಇಟ್ಟು ಹೋದ ಮಾವಿನಕಾಯಿ ಚಟ್ನಿಗೆ ಬೂಷ್ಟು ಬಂತು, ಅದಕ್ಕ ನನ್ನ ಬೈಯಬ್ಯಾಡ. ನಾನೂ ಒಂದು ದಿನ ಪೆಟ್ಟಿಗಿಯ ಹಿಂದಿನ ಹಲಗಿ ಬಿಚ್ಚಿ ಕೈ ಹಾಕಾಕ ಹೋಗಿದ್ದೆ. ಗೌರೀಶ ನನ್ನ ರಟ್ಟಿ ಹಿಡದು ಜಗ್ಗಿದ, ‘ಅಪ್ಪಾ, ಸ್ವಿಚ್ ತಗದರೂ ಇದರೊಳಗ ನಾನೂರು ವೋಲ್ಟ್ ಕುಂತಿರತೈತಿ, ಇದು ನಿನ್ನ ನಾಟಕದ ಸಂದೂಕ ಅಲ್ಲ’ ಅಂದ. ಅಂದಿಂದ ಅದರ ಬಾಜು ಹಾಯೂ ಮುಂದ ಧೋತರದ ಚುಂಗು ಎತ್ತಿ ಹಿಡಕೊಂಡು ಹಾಯತಿದ್ದೆ.

ನನಗ ಅಂಜಿಕಿ ಬಂದದ್ದು ಸಪ್ಪಳಕ್ಕಲ್ಲ, ಅದು ಬರೂ ಹೊತ್ತಿಗೆ. ಮಧ್ಯಾಹ್ನ ಸುಮ್ಮ ಇರತಿತ್ತು. ಒಂದು ದಿನ ಮಧ್ಯಾಹ್ನ ತಾಸುಗಟ್ಟಲೆ ಉಸಿರು ಬಿಡದಂಗ ಕುಂತದ್ದು ನೋಡಿ, ಪೀಡಾ ಕಳೀತು ಅಂತ ನಾ ಕಾಯಿ ಒಡದು ಅದರ ಮುಂದ ಊದಿನಕಡ್ಡಿ ಹಚ್ಚಿದೆ. ಸಂಜಿಮುಂದ ಕೊಟ್ಟಿಗಿಗೆ ಹೋಗಿ ಹಾಲು ಹಿಂಡಿ ಬರೂದರಾಗ ಗೌರೀಶ ತೆಲಿ ಹಿಡಕೊಂಡು ಕುಂತಿದ್ದ. ‘ಬಂತಪಾ ಮತ್ತ’ ಅಂದ. ಆಮ್ಯಾಲ ಅಂವ ಒಂದು ಮಾತು ಅಂದ, ‘ಅಪ್ಪಾ, ನೀ ಹಾಲು ಹಿಂಡಾಕ ಹೋದರ ಇದು ಸುರು ಆಕ್ಕತಿ, ನೀ ತಂಬಿಗಿ ಹಿಡಕೊಂಡು ಒಳಗ ಬಂದರ ನಿಲ್ಲತೈತಿ. ಇದಕ್ಕೂ ನಮ್ಮ ಆಕಳಕ್ಕೂ ಏನೋ ಋಣ ಐತಿ ನೋಡು.’ ಅಂವ ಚ್ಯಾಷ್ಟಿಗೆ ಅಂದದ್ದು. ನಾನೂ ನಕ್ಕೆ. ಆದರ ಮರುದಿನ ಮುಂಜಾನೆ ಕೆಚ್ಚಲಿಗೆ ಹಚ್ಚಿದ ಕೈ ತಿರುಗಿ ತಗದೆ, ಯಾಕಂದರ ಒಳಗಿಂದ ಆ ದನಿ ಕೇಳತಿತ್ತು.

ಕಡೀಕ ಪೆಟ್ಟಿಗಿನ್ನ ಕೈಗಾಡಿ ಮ್ಯಾಲ ಹೇರಿಕೊಂಡು ಬಾಜು ಓಣಿಯ ಏಕನಾಥ ಮಾಸ್ತರ ಮನಿಗೆ ಒಯ್ದಿವಿ, ಅದೂ ಸಂಜಿಮುಂದ, ಅದು ಒದರೂ ಹೊತ್ತಿಗೇ. ಅಲ್ಲಿ ಹಚ್ಚಿದರ ಮಠದೊಳಗಿನ ಮೌನ. ಗೌರೀಶ ಒಂದು ತಂತಿ ಮೀಟಿದರ ಮಾಸ್ತರ ಕಣ್ಣು ಮುಚ್ಚಿ ತೆಲಿ ಹಾಕಿದರು. ಅವರ ಮನಿಯವರು ಅನ್ನಪೂರ್ಣಾಬಾಯಿ ಚಹಾ ತಂದಿಟ್ಟು, ‘ಮಡಿವಾಳೆಪ್ಪನವರ, ಪೆಟ್ಟಿಗಿ ಶಾಣ್ಯಾ ಅದರಿ. ನಿಮ್ಮ ಮನ್ಯಾಗ ಏನರೆ ಅದ, ನೋಡಿಸಿಕೋರಿ’ ಅಂದರು. ತಿರುಗಿ ಬಂದು ನಮ್ಮ ಮನಿ ಬಾಗಲಾ ಕಂಡಾಗ ಮೊದಲನೇ ಸಲ ಒಳಗ ಹೋಗಾಕ ಮನಸ್ಸಾಗಲಿಲ್ಲ ನನಗ.

ಸೋಮವಾರ ಮುಂಜಾನೆ ನಡದದ್ದನ್ನ ಬರಿಯೂ ಮುಂದ ಅಕ್ಷರ ಅಂಕುಡೊಂಕು ಆಗತಾವ, ಸೈರಿಸಿಕೋ. ಗೌರೀಶ ಜಳಕಾ ಮಾಡಿ, ಹಸಿಗಾಲಿಲೆ, ಚಪ್ಪಲ್ ಇಲ್ಲದ ಬಂದು ಗಿಟಾರ್ ಎತ್ತಿಕೊಂಡ. ನಾ ಆಗತಾನ ಕೊಟ್ಟಿಗಿ ದೀಪ ಹಚ್ಚಿ, ಹಾಲಿನ ತಂಬಿಗಿ ಒಯ್ಯಾಕ ಒಳಗ ಬಂದಿದ್ದೆ. ಅಂವ ತಂತಿ ಮ್ಯಾಲ ಕೈ ಇಟ್ಟದ್ದು ನೋಡಿದೆ, ಆಮ್ಯಾಲ ಕೈ ಬಿಡಲಿಲ್ಲ. ಬಾಯಿ ತೆರದಿತ್ತು, ದನಿ ಇಲ್ಲ. ಕುತ್ತಿಗಿ ನರಾ ಹಗ್ಗದಂಗ ಎದ್ದಿದ್ದವು. ಪೆಟ್ಟಿಗಿ ಮಾತ್ರ ಒದರಾಕತ್ತಿತ್ತು. ನಾಟಕದಾಗ ನಾ ಎಷ್ಟು ಸಲ ಮಗನ್ನ ಕಳಕೊಂಡ ರಾಜಾ ಆಗೀನಿ, ಎದಿ ಬಡಕೊಂಡು ಅತ್ತು ಮಂದಿನ್ನ ಅಳಿಸೀನಿ. ಖರೇ ಬಂದು ನಿಂತಾಗ ಅದ್ಯಾವುದೂ ಕೆಲಸಕ್ಕ ಬರಲಿಲ್ಲ. ಮೂಲ್ಯಾಗ ನಾಟಕದ ಕಟಗಿ ಗದಾ ಒರಗಿತ್ತು. ಅದನ್ನ ಎತ್ತಿ ಗ್ವಾಡಿಯ ಪ್ಲಗ್ಗಿಗೆ ಹೊಡದೆ. ಎರಡನೇ ಏಟಿಗೆ ಪ್ಲಗ್ ಕಿತ್ತು ಬಿತ್ತು, ಅಂವ ಗಿಟಾರ್ ಸಮೇತ ನನ್ನ ಮ್ಯಾಲ ಬಿದ್ದ. ಬೆರಳಿನ ಮ್ಯಾಲ ತಂತಿಯ ಗೆರಿ ಮೂಡಿದ್ದವು. ಅಣ್ಣಿಗೇರಿಯ ಡಾಕ್ಟರು ಎದಿಯ ಇ.ಸಿ.ಜಿ. ಪಟ್ಟಿ ತಗದು ನೋಡಿ, ಏನೂ ಆಗಿಲ್ಲ, ಹಣೇಬರಾ ಚಲೋ ಐತಿ ಅಂದರು. ಆವತ್ತ ಸಂಜಿಮುಂದ ನೀ ಫೋನ್ ಮಾಡಿದಾಗ ಅಂವ ‘ಊಟಾ ಮಾಡೀನವ್ವಾ’ ಅಂದನಲ್ಲ, ಅದು ಸುಳ್ಳು. ಬೆರಳು ಮಡಚಾಕ ಆಗದ ತುತ್ತು ಎತ್ತಾಕ ಬರವಲ್ದಾಗಿತ್ತು.

ಅವತ್ತ ನಾಕಕ್ಕ ಅಣ್ಣಿಗೇರಿಯಿಂದ ವೈರ್‌ಮನ್ ಇಲಿಯಾಸ್‌ನ ಕರಿಸಿದೆ. ಅಂವ ಪೆಟ್ಟಿಗಿ ಹಚ್ಚಿದ, ಸುಮ್ಮ ಇತ್ತು. ಮೀಟರ್ ಇಟ್ಟು ನೋಡಿದ, ಏನೂ ಇಲ್ಲ. ‘ಕಾಕಾ, ನಿಮ್ಮ ಹುಡುಗ ಹೆದರ್ಯಾನ, ಪೆಟ್ಟಿಗಿ ಬರೋಬ್ಬರಿ ಐತಿ’ ಅಂತ ಚೀಲ ಕಟ್ಟಾಕ ನಿಂತ. ಆಕಳು ಒದರಿತು, ನಾ ಹೋಗಿ ಕೊಟ್ಟಿಗಿ ದೀಪ ಹಚ್ಚಿದೆ. ಒಳಗಿಂದ ಇಲಿಯಾಸ್ ಕೂಗಿದ, ‘ಏನ್ ಹಚ್ಚಿದ್ರಿ ಈಗ? ಮುಟ್ಟಬ್ಯಾಡ್ರಿ ಏನೂ, ಅಲ್ಲೇ ನಿಂದರ್ರಿ.’ ಹಚ್ಚು ಅಂದ, ಹಚ್ಚಿದೆ, ಗೊಂಯ್ ಅಂತು. ಆರಿಸು ಅಂದ, ಆರಿಸಿದೆ, ನಿಂತಿತು. ಹತ್ತು ಸಲ ಮಾಡಿದಿವಿ. ಹತ್ತೂ ಸಲ ಹಂಗ. ಆಮ್ಯಾಲ ಪ್ಲಗ್ಗಿನ ಮೂರನೇ ಉದ್ದನ ಕಡ್ಡಿ ಐತಲ್ಲ, ದಾರಿ ತಪ್ಪಿದ ಕರೆಂಟನ್ನ ನೆಲಕ್ಕ ಇಳಸೂ ಅರ್ತಿಂದು, ಅದನ್ನ ಬಿಡಿಸಿ ಹಚ್ಚಿ ನೋಡಿದ, ಪೆಟ್ಟಿಗಿ ಸುಮ್ಮಾತು. ಗೌರೀಶ ಮಲಗಿದಲ್ಲಿಂದನ ‘ಹಂಗಾದ್ರ ಆ ಕಡ್ಡಿನ ಕಟ್ ಮಾಡಿಬಿಡೂಣು’ ಅಂದ. ಇಲಿಯಾಸ್ ಅವನ್ನ ದಿಟ್ಟಿಸಿ, ‘ಮನಿಗೆ ಕಳ್ಳ ಹೊಕ್ಕಾನಂತ ನಾಯಿ ಬೊಗಳಿದರ ನಾಯಿನ್ನ ಕೊಲ್ಲತಾರೇನಲೇ? ಅರ್ತ್ ತಗದ್ರ ಸುಮ್ಮ ಆಕ್ಕತಿ ಅಂದ್ರ ಕಳ್ಳ ಅರ್ತಿನೊಳಗ ಅದಾನ’ ಅಂತ ಎದ್ದು ಸೀದಾ ಹಿತ್ತಲಕ್ಕ ನಡದ.

ಹಿತ್ತಲದಾಗಿನ ಅರ್ತಿನ ಕೊಳವಿ ನಿನಗ ನಾ ತೋರಸಬೇಕೇನು? ಇಪ್ಪತ್ತು ವರ್ಷದ ಹಿಂದ ಮನಿಗೆ ಕರೆಂಟ್ ಎಳದಾಗ ತಗ್ಗು ತೋಡಿ, ಇದ್ದಲಿ ಉಪ್ಪು ತುಂಬಿ ಹುಗದದ್ದು. ಬ್ಯಾಸಗ್ಯಾಗ ನಮ್ಮ ಎರಿ ನೆಲ ಬಿರದರ ಅರ್ತ್ ಕೆಲಸಾ ಮಾಡೂದಿಲ್ಲ, ದಿನಾ ಒಂದು ಕೊಡ ನೀರು ಹಾಕ್ರಿ ಅಂತ ಆವಾಗ ಹೇಳಿದ್ದರು. ಮಂದಿ ನಾಕು ದಿನ ಹಾಕಿ ಬಿಟ್ಟರು. ನೀ ಬಿಡಲಿಲ್ಲ. ತುಳಸಿಗೆ ಹಾಕಿದಂಗ ಹಾಕಿದಿ, ಸುತ್ತಲ ಸಗಣಿಲೆ ಸಾರಿಸಿದಿ, ಕೊಳವಿಗೆ ವಿಭೂತಿ ಸೈತ ಎಳದಿ, ಅದಕ್ಕ ಚಪ್ಪಲ್ ಕಳದು ಹೋದಿ. ಇಲಿಯಾಸ್ ಕೊಟ್ಟಿಗಿ ದೀಪ ಹಚ್ಚಿಸಿ ಆ ಕೊಳವಿಗೆ ಟೆಸ್ಟರ್ ಮುಟ್ಟಿಸಿದ. ಅದರೊಳಗಿನ ಸಣ್ಣ ದೀಪ ಕೆಂಪಗ ಹತ್ತಿತು. ನೆಲಕ್ಕ ಹುಗದ ಕಬ್ಬಿಣದೊಳಗ ಕರೆಂಟ್. ಮೀಟರ್ ಇಟ್ಟ, ತೊಂಬತ್ತೆಂಟು ತೋರಿಸಿತು. ಅಂವ ಎರಡು ಹೆಜ್ಜಿ ಹಿಂದ ಸರದದ್ದು ನೋಡಿ ನಾ ನಾಕು ಹೆಜ್ಜಿ ಸರದೆ. ಮೇನ್ ಬಂದ್ ಮಾಡಿ ಸಗಣಿ ಕೆದರಿದರ, ತಳದಾಗ ಒಂದು ತಂತಿ ಕೊಳವಿಗೆ ಬಿಗದಿತ್ತು. ಕೊಟ್ಟಿಗಿಯಿಂದ ಬಂದದ್ದು. ನಾಟಕದಿಂದ ತಂದು ಕೊಟ್ಟಿಗ್ಯಾಗ ತೂಗು ಹಾಕಿದ ದೊಡ್ಡ ಹ್ಯಾಲೋಜನ್ ದೀಪಕ್ಕ ಒಂದ ವೈರು ಕರೆಂಟಿಂದು, ಎರಡನೇದು ಈ ತಂತಿ. ಮೀಟರಿಗೆ ತಿರುಗಿ ಹೋಗಬೇಕಾದ ಕರೆಂಟ್ ನೆಲದಾಗ ಇಳೀತಿತ್ತು, ಇಳಿಯಾಕ ದಾರಿ ಸಿಗದಾಗ ಕೊಳವಿ, ಪೆಟ್ಟಿಗಿ, ಗಿಟಾರಿನ ತಂತಿ, ಎಲ್ಲಾದರೊಳಗೂ ಏರತಿತ್ತು.

ಆಮ್ಯಾಲ ಇಲಿಯಾಸ್ ಕೇಳಿದ, ‘ಇಲ್ಲಿ ಬರಿಗಾಲಿಲೆ ಯಾರರ ಅಡ್ಡಾಡತಿದ್ರೇನ್ರಿ?’ ಎರಡು ವರ್ಷದಿಂದ ನೀ ಅಂತಿದ್ದಿ, ‘ರೀ, ಮುಂಜಾನೆ ನೀರು ಹಾಕಿ ಬಂದರ ಕಾಲು ಜುಮ್ ಅಂತಾವ್ರಿ, ಮೊಳಕಾಲ ತನಕ ಇರಿವಿ ಹರದಂಗ ಆಕ್ಕತಿ.’ ನಾ ಏನಂದೆ? ‘ಮಹಾರಾಣಿಯವರಿಗೆ ವಯಸ್ಸಾಯಿತು’ ಅಂತ ರಾಗ ಎಳದೆ. ನರದ ದೌರ್ಬಲ್ಯ ಅಂತ ಗುಳಿಗಿ ಕೊಡಿಸಿದೆ. ಇನ್ನೊಂದು ಕೇಳು. ಈ ಮೂರು ವಾರದಾಗ ಸಪ್ಪಳ ಯಾಕ ಏರಿತು ಗೊತ್ತೇನು? ಹೋಗೂ ಮುಂದ ಬಸ್ಸಿನ ಕಿಡಿಕ್ಯಾಗಿಂದ ‘ಕೊಳವಿಗೆ ನೀರು ಮರೀಬ್ಯಾಡ್ರಿ’ ಅಂದಿದ್ದಿ, ನಾ ಒಂದು ದಿನವೂ ಹಾಕಲಿಲ್ಲ. ನೆಲ ಗೇಣುಗೇಣು ಬಿರೀತು, ಕರೆಂಟ್ ನೆಲಕ್ಕ ಇಳಿಯಲಾರದ ಗೌರೀಶನ ತಂತಿಗೆ ಏರಿತು. ಕೊಟ್ಟಿಗಿ ದೀಪ ಮಂಕಾಗಿದ್ದನ್ನ ದಿನಾ ನೋಡಿದೆ, ಧೂಳು ಹತ್ತೇತಿ ಅಂದಕೊಂಡೆ. ನಿನ್ನ ಒಂದೊಂದು ಕೊಡ ನೀರು ಮಗನ್ನ ಕಾದಿತ್ತು, ಹಾಕಿದ ನಿನ್ನ ಕಾಲನ್ನ ಮಾತ್ರ ಕಡದಿತ್ತು. ಇದನ್ನ ನೆನಸಿದರ ಹಗಲಾಗಲಿ ಸಂಜಿಯಾಗಲಿ ನನಗ ಕಾಣೂದು ಒಂದ, ನೀ ಕೊಡ ಹಿಡಕೊಂಡು ಆ ಹಸಿ ಸಗಣಿ ಮ್ಯಾಲ ನಿಂತದ್ದು.

‘ಯಾರ್ರಿ ಇದನ್ನ ಕಟ್ಟಿದ್ದು’ ಅಂತ ಇಲಿಯಾಸ್ ಕೇಳಿದಾಗ ನಾ ಮಾತಾಡೂಕಿಂತ ಮೊದಲ ಗೌರೀಶ, ‘ಮತ್ಯಾರು, ಕಾಸೀಮ ಕಾಕಾ. ಈ ಮನಿಯ ವೈರಿಗೆ ಕೈ ಹಚ್ಚಿದಾಂವ ಅವನೊಬ್ಬನ’ ಅಂದ. ನಾಟಕದ ದೀಪದ ಕಾಸೀಮಸಾಬ, ನನ್ನ ಅಪ್ಪನ ಕಾಲದಿಂದ ನಮ್ಮ ತಾಲೀಮಿನ ಮನಿಗೆ ಬೆಳಕು ಕೊಟ್ಟಾಂವ. ನಾ ಏನೂ ಅನ್ನಲಿಲ್ಲ. ಗೌರೀಶ ಮಂಗಳವಾರ ಮುಂಜಾನೆ ಹೋಗಿ ಚಹಾದಂಗಡ್ಯಾಗ, ಮಂದಿ ಮುಂದ, ‘ನನ್ನ ಜೀವಾ ತಗೀತಿದ್ದಿ, ನಮ್ಮವ್ವನ ಕಾಲು ತಿಂದಿ’ ಅಂತ ಅವನ್ನ ಬೈದು ಬಂದ. ಮುದುಕ ಬಸಿ ಕೆಳಗ ಇಟ್ಟನಂತ. ‘ನೆನಪ ಆಗವಲ್ದಪಾ ಗೌರೀಶ. ಕಟ್ಟಿರಬೌದು. ಅಲ್ಲಿ ನನ್ನ ಕೈ ಬಿಟ್ಟು ಇನ್ಯಾರ ಕೈ ಆಡೇತಿ? ಕಣ್ಣು ಹೋದಾವ, ಈಗ ತೆಲಿನೂ ಹೋತು’ ಅಂದನಂತ. ನಿನ್ನೆ ತನ್ನ ಪಕ್ಕಡ, ಟೆಸ್ಟರು, ವೈರಿನ ಚೀಲ ಎಲ್ಲಾ ಇಲಿಯಾಸ್‌ಗ ಕೊಟ್ಟು ಕಳಸ್ಯಾನ. ಇನ್ನ ಯಾರ ಮನಿ ವೈರೂ ಮುಟ್ಟೂದಿಲ್ಲ, ನನ್ನ ಕೈಮ್ಯಾಲ ನನಗ ನಂಬಿಗಿ ಇಲ್ಲ ಅಂದಾನ.

ಈಗ ಕೊಟ್ಟಿಗಿಗೆ ಹೊಸಾ ವೈರು ಎಳಸೀನಿ. ಕೊಳವಿ ತಗ್ಗು ತೋಡಿ ಮತ್ತ ಇದ್ದಲಿ ಉಪ್ಪು ತುಂಬಿಸೀನಿ, ಸುತ್ತಲ ಮುಳ್ಳಿನ ಬೇಲಿ ಹಾಕೀನಿ. ಪೆಟ್ಟಿಗಿ ಅಗದಿ ನಿಶ್ಶಬ್ದ. ಆದರ ಗೌರೀಶ ಗಿಟಾರ್ ಮುಟ್ಟವಲ್ಲ. ಇಲಿಯಾಸ್ ತಾನ ತಂತಿ ಹಿಡದು ತೋರಿಸಿದರೂ ಮುಟ್ಟವಲ್ಲ. ರವಿವಾರಕ್ಕ ಮೂರು ದಿನ ಐತಿ. ನೀ ಒಂದು ಮಾತು ಅವನಿಗೆ ಧೈರ್ಯ ಹೇಳು, ಸ್ಪೀಕರ್ ಹಾಕಿದರೂ ಅಡ್ಡಿಯಿಲ್ಲ. ನಿನ್ನ ಕಾಲನ್ನ ಕಲಘಟಗಿಯೊಳಗ ಚಲೋ ಡಾಕ್ಟರಿಗೆ ತೋರಿಸು. ನರದ ದೌರ್ಬಲ್ಯ ಅನಬ್ಯಾಡ, ಎರಡು ವರ್ಷ ಕರೆಂಟ್ ಹಿಡದೈತಿ ಅಂತ ಹೇಳು. ಅಕ್ಕಗ ನನ್ನ ಶರಣು, ಭಾವಗೂ. ನೀ ಹೊರಗ ಕಾಲಿಡೂ ಮುಂದ ಚಪ್ಪಲ್ ಮೆಟ್ಟು, ದೇವರ ಕೋಣಿ ಒಂದ ಬಿಟ್ಟು.

ನಿನ್ನ ದಾರಿ ಕಾಯೂ,
ಮಡಿವಾಳೆಪ್ಪ

ತಾ.ಕ. ಲಕೋಟಿ ಅಂಟಿಸಿ ಮತ್ತ ಬಿಚ್ಚೀನಿ. ಆ ತಂತಿ ಕಟ್ಟಿದಾಂವ ಕಾಸೀಮಸಾಬ ಅಲ್ಲ, ನಾನು. ಎರಡು ವರ್ಷದ ಹಿಂದ ಕೊಟ್ಟಿಗಿ ಮುಂದ ನಡದ ಹೋಳಿ ನಾಟಕದ ತಾಲೀಮಿನೊಳಗ ಇಲಿ ಕಡದು ಕೊಟ್ಟಿಗಿಯ ಎರಡನೇ ವೈರು ಹೋಗಿತ್ತು, ಅವತ್ತ ಕಾಸೀಮ ಹುಬ್ಬಳ್ಳಿ ದವಾಖಾನ್ಯಾಗ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಮಲಗಿದ್ದ. ಹಿಂದ ಹಳ್ಳಿಹಳ್ಳಿಗೆ ಆಟಕ್ಕ ಹೋದಾಗ ಅಂವ ಒಂಟಿ ತಂತಿ ತಗೊಂಡು, ಎರಡನೇದನ್ನ ನೆಲದಾಗ ಹೊಡದ ಕಬ್ಬಿಣದ ಸಳಿಗೆ ಕಟ್ಟಿ ರಂಗಮಂಚ ಬೆಳಗಿಸಿದ್ದನ್ನ ನೋಡಿದ್ದೆ. ಅಂವ ಆ ಸಳಿಗೆ ಒಬ್ಬನ್ನ ಕಾವಲಿಡತಿದ್ದ, ಆಟ ಮುಗಿದ ಕೂಡಲೇ ತಾನ ಬಿಚ್ಚತಿದ್ದ. ನಾ ಕಟ್ಟೂದು ಕಲತೆ, ಬಿಚ್ಚೂದು ಕಲೀಲಿಲ್ಲ. ದೀಪ ಹತ್ತಿದಾಗ 'ಭಲೇ' ಅನಿಸಿಕೊಂಡು ಮರತುಬಿಟ್ಟೆ. ನೀ ಕಾಲು ಜುಮ್ ಅಂದಾಗಲೂ ನೆನಪಾಗಲಿಲ್ಲ, ಶಿವನಾಣೆ. ಇಲಿಯಾಸ್ ಸಗಣಿ ಕೆದರಿ ಗಂಟು ತೋರಿಸಿದಾಗ ನೆನಪಾತು, ನೊಗಕ್ಕ ನಾ ಹಾಕೂ ಎರಡು ಸುತ್ತಿನ ಗಂಟು ಅದು. ಆದರೂ ಬಾಯಿ ಬಿಡಲಿಲ್ಲ, ನಿನಗ ಅಂಜಿ, ಮಗನಿಗೆ ಅಂಜಿ. ಕಾಸೀಮ ತಾ ಕಟ್ಟದ ತಂತಿನ್ನ ತಾನ ಕಟ್ಟೀನಿ ಅಂತ ನಂಬಿ ಕುಂತಾನ. ನಾಳೆ ಮುಂಜಾನೆ ಹಾಲು ಹಿಂಡಿ, ಮೊದಲ ಗೌರೀಶಗ ಹೇಳತೀನಿ, ಅವನ್ನ ಕರಕೊಂಡು ಅದ ಚಹಾದಂಗಡಿಗೆ, ಅದ ಮಂದಿ ಕುಂತಿರೂ ಹೊತ್ತಿಗೆ ಹೋಗತೀನಿ. ದನಿ ಏರಸೂದಿಲ್ಲ. ಕಾಸೀಮನ ಮುಂದ ನಿಂತು, ಕಟ್ಟಿದಾಂವ ನಾನು, ನಿನ್ನ ತೆಲಿ ನೆಟ್ಟಗ ಐತಿ ಅಂತ ಹೇಳತೀನಿ. ಅಂವ ಏನಂದರೂ ನಿಂತು ಕೇಳತೀನಿ. ಆಮ್ಯಾಲ ಒಂಬತ್ತರ ಬಸ್ಸಿಗೆ ಅಣ್ಣಿಗೇರಿಗೆ ಹೋಗಿ ಇಲಿಯಾಸ್‌ನ ಕಡಿಂದ ಕಾಸೀಮನ ಚೀಲ ಇಸಕೊಂಡು ಬರತೀನಿ.